ಬಾಡಿಗೆ ಎಲ್ಲಿಂದ ಬರುತ್ತದೆ



ಈ ದತ್ತಿ ಉಪನ್ಯಾಸಕ್ಕೆ ಕರೆದಾಗ ವಿಷಯದ ಆಯ್ಕೆಯನ್ನು ನನಗೇ ಬಿಟ್ಟಿರಿ. ನಗರದ ಬಾಡಿಗೆ ಮನೆಗಳಲ್ಲಿ ನಡೆಯುವ ಶೋಷಣೆಯ ದಂಧೆಗಳು, ಅವುಗಳ ವಿಚಾರದಲ್ಲಿ ಮನೆ ಮಾಲೀಕರ ಹೊಣೆ ಎಂಬ ವಿಷಯವನ್ನು ಆರಿಸಿಕೊಂಡೆ. ವಕೀಲಿಯ ಬಹುಪಾಲು ವರ್ಷಗಳನ್ನು ಮಾಲೀಕರು ಮತ್ತು ಬಾಡಿಗೆದಾರರ ವ್ಯಾಜ್ಯಗಳಲ್ಲೇ ಕಳೆದವನು ನಾನು. ಇಬ್ಬರ ಪರವಾಗಿಯೂ ನಿಂತಿದ್ದೇನೆ. ವಿಷಯ ಕೇಳಿ ಕೆಲವರು, ಇದು ಪೊಲೀಸರ ಕೆಲಸವಲ್ಲವೇ, ಮನೆ ಕಟ್ಟಿದ ಪಾಪಕ್ಕೆ ನಾವೇಕೆ ಉತ್ತರ ಕೊಡಬೇಕು ಎಂದರು. ನ್ಯಾಯವಾದ ಪ್ರಶ್ನೆ. ಅದನ್ನು ಬದಿಗೆ ಸರಿಸದೆ, ಅದಕ್ಕೆ ಉತ್ತರ ಹೇಳುವುದಕ್ಕೇ ಇವತ್ತಿನ ಸಮಯವನ್ನು ಬಳಸಿಕೊಳ್ಳುತ್ತೇನೆ.

ನಾನು ಹೇಳಬೇಕಾದದ್ದು ಇಷ್ಟು. ಮನೆ ಬಾಡಿಗೆಗೆ ಕೊಡುವಾಗ ಕೇಳಬಾರದ ಪ್ರಶ್ನೆಗಳನ್ನೆಲ್ಲ ನಾವು ಕೇಳುತ್ತೇವೆ, ಕೇಳಲೇಬೇಕಾದವನ್ನು ಬಿಟ್ಟುಬಿಡುತ್ತೇವೆ. ಬೆಂಗಳೂರಿನ ಯಾವ ಬಡಾವಣೆಗಾದರೂ ಹೋಗಿ 'ಟು-ಲೆಟ್' ಬೋರ್ಡಿನ ಕೆಳಗಿನ ನಂಬರಿಗೆ ಫೋನು ಮಾಡಿ. ಯಾವ ಜನ, ಯಾವ ಊರು, ಮಾಂಸ ತಿನ್ನುತ್ತೀರಾ, ಮದುವೆ ಆಗಿದೆಯೇ, ಒಬ್ಬರೇ ಹೆಂಗಸಾದರೆ ರಾತ್ರಿ ಎಷ್ಟು ಹೊತ್ತಿಗೆ ಮನೆ ಸೇರುತ್ತೀರಿ, ನೆಂಟರು ಬರುವುದುಂಟೇ? ಮುಸ್ಲಿಂ ಹೆಸರು ಕೇಳುತ್ತಲೇ "ಮನೆ ಆಗಲೇ ಹೋಯಿತು" ಎನ್ನುವವರಿದ್ದಾರೆ. ದಲಿತ ಕುಟುಂಬ ಎಂದು ತಿಳಿದೊಡನೆ ಅಡ್ವಾನ್ಸ್ ವಾಪಸು ಮಾಡಿದವರನ್ನು ಬಲ್ಲೆ. ಇದನ್ನೆಲ್ಲ ಮನೆಯ ಮರ್ಯಾದೆ ಕಾಯುವುದು ಎಂದು ನಂಬಿಕೊಂಡಿದ್ದೇವೆ. ಅದೇ ಮಾಲೀಕನ ಬಳಿಗೆ ಬ್ರೋಕರ್ ಒಬ್ಬನನ್ನು ಕರೆತರಲಿ. ಬಂದವನು ಇಸ್ತ್ರಿ ಮಾಡಿದ ಅಂಗಿ ಹಾಕಿದ್ದಾನೆ, "ಫ್ಯಾಮಿಲಿ ಆಮೇಲೆ ಬರುತ್ತೆ ಸಾರ್" ಎನ್ನುತ್ತಾನೆ, ಬೀದಿಯ ದರಕ್ಕಿಂತ ಎರಡು ಪಟ್ಟು ಬಾಡಿಗೆಗೆ ಚೌಕಾಸಿಯಿಲ್ಲದೆ ಒಪ್ಪುತ್ತಾನೆ, ಹತ್ತು ತಿಂಗಳ ಮುಂಗಡವನ್ನು ಒಂದೇ ಕಂತಿನಲ್ಲಿ ಎಣಿಸುತ್ತಾನೆ. ಎರಡು ಪಟ್ಟು ಏಕೆ ಕೊಡುತ್ತಿದ್ದೀಯಪ್ಪಾ ಎಂದು ಕೇಳಿದ ಮಾಲೀಕನನ್ನು ನಾನು ಅಪರೂಪಕ್ಕೆ ಕಂಡಿದ್ದೇನೆ.

ನನ್ನ ಕಕ್ಷಿದಾರರೊಬ್ಬರ ಪ್ರಸಂಗ ಹೇಳುತ್ತೇನೆ. ಗುರುತು ಹತ್ತದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ. ನಿವೃತ್ತ ನೌಕರರು, ಪಿಂಚಣಿ ಹಣಕ್ಕೆ ಸಾಲ ಸೇರಿಸಿ ಮೂರು ಅಂತಸ್ತು ಕಟ್ಟಿದವರು. ನೆಲಮಹಡಿಯಲ್ಲಿ ತಾವಿದ್ದು ಮೇಲಿನ ಎರಡನ್ನು ಬಾಡಿಗೆಗೆ ಕೊಟ್ಟಿದ್ದರು. ಆ ಬೀದಿಯಲ್ಲಿ ಅಂಥ ಮನೆಗೆ ಹದಿನೆಂಟು ಸಾವಿರ ನಡೆಯುತ್ತಿದ್ದರೆ, ಎರಡನೇ ಅಂತಸ್ತಿಗೆ ಇವರಿಗೆ ನಲವತ್ತೈದು ಸಾವಿರ ಬರುತ್ತಿತ್ತು. ಒಂದು ಸಂಜೆ ಪೊಲೀಸ್ ದಾಳಿಯಾಯಿತು. ಬೇರೆ ರಾಜ್ಯದಿಂದ ಕೆಲಸದ ಆಸೆ ತೋರಿಸಿ ಕರೆತಂದಿದ್ದ ಹೆಣ್ಣುಮಕ್ಕಳು ಅಲ್ಲಿದ್ದರು. ಮಹಜರಿನ ಪ್ರತಿ ನನ್ನ ಮೇಜಿಗೆ ಬಂತು. ಮೊಬೈಲುಗಳು, ನಗದು, ಲೆಕ್ಕದ ಪುಸ್ತಕ, ಪ್ಲೈವುಡ್ ಅಡ್ಡಗೋಡೆ ಹಾಕಿ ಹಜಾರವನ್ನು ಭಾಗ ಮಾಡಿದ್ದ ವಿವರ. ಅದರ ಕೊನೆಯ ಸಾಲಿನ ಮೇಲೆ ನನ್ನ ಕಣ್ಣು ನಿಂತಿತು: ಮಲಗುವ ಕೋಣೆಗಳ ಬಾಗಿಲುಗಳಿಗೆ ಹೊರಗಡೆಯಿಂದ ಚಿಲಕ.

"ನನಗೇನು ಗೊತ್ತಿತ್ತು ಸಾರ್" ಎಂದರು ಮಾಲೀಕರು. ಅವರ ಮನೆಯವರು ಆ ತನಕ ಸುಮ್ಮನೆ ಕುಳಿತಿದ್ದರು. ತಾರಸಿಯ ತಂತಿಯ ಮೇಲೆ ದಿನಾ ಹತ್ತಾರು ಬಿಳಿ ಟವೆಲ್ ಒಣಗುತ್ತಿದ್ದವು, ಒಂದು ಸೀರೆ, ಒಂದು ಮಗುವಿನ ಅಂಗಿ ಯಾವತ್ತೂ ಕಾಣಲಿಲ್ಲ ಎಂದು ಆಕೆ ಮೆಲ್ಲಗೆ ಹೇಳಿದರು. ಹಾಲಿನವನು ಆ ಮಹಡಿ ಹತ್ತಿದ್ದೇ ಇಲ್ಲವಂತೆ. ನೀರಿನ ಟ್ಯಾಂಕ್ ತೊಳೆಸಲು ಹೋದ ದಿನ ಮಾಲೀಕರು ಅರೆತೆರೆದ ಬಾಗಿಲಲ್ಲಿ ಅಡ್ಡಗೋಡೆ ಕಂಡಿದ್ದರು. "ಪಿ.ಜಿ. ಮಾಡಿದ್ದಾರೇನೋ ಅಂದುಕೊಂಡೆ" ಎಂದರು. ಪ್ರಕರಣದಲ್ಲಿ ಅವರ ಮೇಲಿನ ಆರೋಪ ನಿಲ್ಲಲಿಲ್ಲ. ಗೊತ್ತಿದ್ದೂ ಕೊಟ್ಟರು ಎಂಬುದಕ್ಕೆ ಸಾಕ್ಷ್ಯವಿರಲಿಲ್ಲ. ಸಾಕ್ಷ್ಯವಿಲ್ಲದೆ ಯಾರನ್ನೂ ಶಿಕ್ಷಿಸಬಾರದು, ಆ ತೀರ್ಮಾನ ಸರಿ. ಆದರೆ ಗೊತ್ತಾಗಬಹುದಾಗಿದ್ದ ಎಲ್ಲವೂ ಕಣ್ಣಮುಂದೆ ಇದ್ದಾಗ ಗೊತ್ತುಮಾಡಿಕೊಳ್ಳದೆ ಇರುವುದಕ್ಕೆ ಮನುಷ್ಯನ ಹೊಣೆ ಎಷ್ಟು? ನ್ಯಾಯಾಲಯ ಆ ಪ್ರಶ್ನೆಯನ್ನು ಎತ್ತಬೇಕಾಗಿರಲಿಲ್ಲ, ಎತ್ತಲೂ ಇಲ್ಲ. ಸಮಾಜವಾಗಿ ನಾವು ಎತ್ತಬೇಕು.

ಕಾನೂನು ಏನು ಹೇಳುತ್ತದೆ ಎಂಬುದನ್ನು ಸ್ಪಷ್ಟಪಡಿಸುತ್ತೇನೆ, ಏಕೆಂದರೆ ಮಾಲೀಕರಲ್ಲಿ ಹೆಚ್ಚಿನವರಿಗೆ ಇದು ತಿಳಿದಿಲ್ಲ. 1950ರಲ್ಲಿ ಭಾರತ ಸಹಿ ಹಾಕಿದ ಅಂತರರಾಷ್ಟ್ರೀಯ ಒಪ್ಪಂದವೊಂದರ ಫಲವಾಗಿ 1956ರಲ್ಲಿ ಒಂದು ಕಾಯ್ದೆ ಬಂತು. 1986ರ ತಿದ್ದುಪಡಿಯ ನಂತರ ಅದನ್ನು ಅನೈತಿಕ ಸಾಗಾಣಿಕೆ (ತಡೆ) ಕಾಯ್ದೆ ಎನ್ನುತ್ತೇವೆ. ಅದರ 3ನೇ ಕಲಮು ವೇಶ್ಯಾಗೃಹ ನಡೆಸುವವನನ್ನು ಶಿಕ್ಷಿಸುವುದರ ಜೊತೆಗೆ, ಅದಕ್ಕಾಗಿಯೇ ಎಂದು ತಿಳಿದು ಮನೆ ಕೊಟ್ಟ ಮಾಲೀಕನನ್ನೂ ಅವನ ಏಜೆಂಟನನ್ನೂ ಶಿಕ್ಷಿಸುತ್ತದೆ. ಮೊದಲ ಸಲವಾದರೆ ಎರಡು ವರ್ಷದವರೆಗೆ ಸೆರೆ, ಮತ್ತೆ ಮಾಡಿದರೆ ಐದು ವರ್ಷದವರೆಗೆ. ಶಿಕ್ಷೆಯಾದರೆ ಬಾಡಿಗೆ ಕರಾರು ತಾನಾಗಿಯೇ ರದ್ದಾಗುತ್ತದೆ. ಕಾಯ್ದೆಯ ತಿದ್ದುಪಡಿಯೊಂದರಲ್ಲಿ ಕುತೂಹಲಕರವಾದ ಮಾತು ಸೇರಿತು. ದಾಳಿಯಲ್ಲಿ ಇಂಥ ಕಡೆ ಈ ದಂಧೆ ಪತ್ತೆಯಾಯಿತೆಂದು ಮಾಲೀಕ ವಾಸಿಸುವ ಪ್ರದೇಶದ ಪತ್ರಿಕೆಯಲ್ಲಿ ಸುದ್ದಿ ಬಂದಿದ್ದರೆ, ಅಥವಾ ಶೋಧದಲ್ಲಿ ಸಿಕ್ಕ ವಸ್ತುಗಳ ಪಟ್ಟಿಯ ಪ್ರತಿಯನ್ನು ಮಾಲೀಕನಿಗೆ ಕೊಟ್ಟಿದ್ದರೆ, ಅಲ್ಲಿಂದ ಮುಂದೆ ಅವನಿಗೆ ವಿಷಯ ತಿಳಿದಿದೆ ಎಂದೇ ನ್ಯಾಯಾಲಯ ಭಾವಿಸಬೇಕು. ಇಲ್ಲವೆಂದು ತೋರಿಸುವ ಹೊರೆ ಅವನದು. ಎಂದರೆ ಮೊದಲ ಸಲ "ತಿಳಿಯಲಿಲ್ಲ" ಎಂಬ ಮಾತಿಗೆ ಕಾನೂನು ಜಾಗ ಕೊಟ್ಟಿದೆ. ಎರಡನೇ ಸಲಕ್ಕೆ ಅದನ್ನು ಅವನೇ ಸಾಬೀತು ಮಾಡಬೇಕು.

18ನೇ ಕಲಮು ಇನ್ನೂ ನೇರವಾದದ್ದು. ಶಾಲೆ, ಆಸ್ಪತ್ರೆ, ಹಾಸ್ಟೆಲು, ಪೂಜಾಸ್ಥಳದಂಥ ಜಾಗಗಳ 200 ಮೀಟರ್ ಒಳಗಿನ ಕಟ್ಟಡವೊಂದು ಹೀಗೆ ಬಳಕೆಯಾಗುತ್ತಿದೆಯೆಂದು ಮಾಹಿತಿ ಬಂದರೆ, ಮ್ಯಾಜಿಸ್ಟ್ರೇಟರು ಮಾಲೀಕನಿಗೆ ಏಳು ದಿನದಲ್ಲಿ ಉತ್ತರ ಕೊಡು ಎಂದು ನೋಟಿಸು ಕೊಡಬಹುದು. ಉತ್ತರ ಒಪ್ಪಿಗೆಯಾಗದಿದ್ದರೆ ಅಲ್ಲಿರುವವರನ್ನು ತೆರವು ಮಾಡಿಸಿ, ಮುಂದಿನ ಒಂದು ವರ್ಷ ತಮ್ಮ ಅನುಮತಿಯಿಲ್ಲದೆ ಯಾರಿಗೂ ಬಾಡಿಗೆಗೆ ಕೊಡಕೂಡದೆಂದು ಆದೇಶಿಸಬಹುದು. ಮಕ್ಕಳು ಸಿಕ್ಕಿದ್ದರೆ ಮೂರು ವರ್ಷ. ಮಾದಕ ವಸ್ತುಗಳ ವಿಚಾರದಲ್ಲಂತೂ ಕಾನೂನು ಬಲು ಕಠೋರ. 1985ರ ಕಾಯ್ದೆಯ 25ನೇ ಕಲಮಿನಂತೆ, ತನ್ನ ಮನೆಯನ್ನೋ ಕೋಣೆಯನ್ನೋ ಅಪರಾಧಕ್ಕೆ ಬಳಸಲು ತಿಳಿದೂ ಬಿಟ್ಟ ಮಾಲೀಕನಿಗೆ ಆ ಅಪರಾಧ ಮಾಡಿದವನಿಗಾಗುವ ಶಿಕ್ಷೆಯೇ ಆಗುತ್ತದೆ. ಹತ್ತು ಗ್ರಾಂ ಎಂ.ಡಿ.ಎಂ.ಎ. ಮಾದಕವನ್ನು ಕಾನೂನು ವಾಣಿಜ್ಯ ಪ್ರಮಾಣವೆಂದು ಎಣಿಸುತ್ತದೆ. ಅದನ್ನು ಮೀರಿದರೆ ಕನಿಷ್ಠ ಹತ್ತು ವರ್ಷ ಸೆರೆ. ಜೂಜಿನ ಅಡ್ಡೆಗೆ ಜಾಗ ಕೊಟ್ಟವನನ್ನು 1963ರ ಕರ್ನಾಟಕ ಪೊಲೀಸ್ ಕಾಯ್ದೆ ಹಿಡಿಯುತ್ತದೆ.

ಹೀಗೆ ಕಾನೂನು ಸಾಲದು ಎನ್ನುವಂತಿಲ್ಲ. ಆದರೆ ಒಂದು ಅಂಕಿಯನ್ನು ಗಮನಿಸಿ. 3ನೇ ಕಲಮಿನ ಕೆಳಗೆ ಮೊದಲ ಸಲದ ಅಪರಾಧಕ್ಕೆ ಮಾಲೀಕನಿಗೆ ಹಾಕಬಹುದಾದ ಗರಿಷ್ಠ ದಂಡ ಎರಡು ಸಾವಿರ ರೂಪಾಯಿ. ತಿಂಗಳಿಗೆ ನಲವತ್ತೈದು ಸಾವಿರ ಬಾಡಿಗೆ ತರುವ ಮನೆಯ ಪಾಲಿಗೆ ಇದು ಒಂದೂವರೆ ದಿನದ ಆದಾಯವೂ ಅಲ್ಲ. ಸೆರೆವಾಸದ ಭಯ ಇದೆ ಎನ್ನಬಹುದು. ತಿಳಿದಿತ್ತು ಎಂದು ಸಾಬೀತು ಮಾಡುವುದು ಎಷ್ಟು ಕಷ್ಟವೆಂದು ಈಗಷ್ಟೇ ಹೇಳಿದೆ. ಹಾಗಾಗಿ ಬಾಡಿಗೆಯ ಲಾಭ ಮಾಲೀಕನ ಖಾತೆಯಲ್ಲೇ ಭದ್ರವಾಗಿ ಉಳಿಯುತ್ತದೆ.

ದಂಧೆಯ ಹಣ ಕಟ್ಟಡದ ಒಡೆಯನ ಕಡೆಗೆ ಹರಿಯುತ್ತದೆ ಎಂಬುದನ್ನು ಲೆಕ್ಕ ಹಾಕಿ ತೋರಿಸಿದವರಲ್ಲಿ ಅಮೆರಿಕದವರು ಮುಖ್ಯರು. ಷಿಕಾಗೋ ನಗರದ ಮೇಯರ್ 1910ರಲ್ಲಿ ಒಂದು ಆಯೋಗ ನೇಮಿಸಿದರು. 1911ರಲ್ಲಿ ಬಂದ ಅದರ ವರದಿ, ನಗರದ ವೇಶ್ಯಾವಾಟಿಕೆಯ ವಾರ್ಷಿಕ ಲಾಭ ಒಂದೂವರೆ ಕೋಟಿ ಡಾಲರನ್ನು ಮೀರುತ್ತದೆ ಎಂದು ಅಂದಾಜು ಮಾಡಿತು. ಅದರಲ್ಲಿ 84 ಲಕ್ಷಕ್ಕೂ ಹೆಚ್ಚು ಕಟ್ಟಡದ ಬಾಡಿಗೆ ಹಾಗೂ ಆ ಗೃಹಗಳ ಗಳಿಕೆ. ಉಳಿದದ್ದು ಮದ್ಯ ಮಾರಾಟದ್ದು. ಊರಿನ ಅನೀತಿ ಎಂದು ಪ್ರವಚನ ಮಾಡುತ್ತಿದ್ದವರ ಮುಂದೆ ಆಯೋಗ ಒಂದು ಲೆಕ್ಕಪತ್ರವನ್ನೇ ಇಟ್ಟಿತು. ಇದು ದೊಡ್ಡ ತಿರುವು ಎಂದು ನಾನು ತಿಳಿಯುತ್ತೇನೆ. ಅಲ್ಲಿಯವರೆಗೆ ಬೈಗುಳವೆಲ್ಲ ಬೀದಿಯಲ್ಲಿ ನಿಂತ ಹೆಂಗಸಿನ ಪಾಲಿಗೇ ಬರುತ್ತಿತ್ತು.

ನ್ಯೂಯಾರ್ಕಿನ ಕತೆ ಇನ್ನೂ ಬೋಧಪ್ರದ. 1896ರಲ್ಲಿ ಅಲ್ಲಿ ಬಂದ ರೇನ್ಸ್ ಕಾನೂನು ಭಾನುವಾರದ ಮದ್ಯ ಮಾರಾಟವನ್ನು ನಿಷೇಧಿಸಿತು. ಹತ್ತು ಕೋಣೆಗಳಿದ್ದು ಊಟ ಬಡಿಸುವ ಹೋಟೆಲುಗಳಿಗೆ ಮಾತ್ರ ವಿನಾಯಿತಿ. ಉದ್ದೇಶ ಒಳ್ಳೆಯದೇ. ಆದದ್ದೇನು? ಸಾರಾಯಿ ಅಂಗಡಿಗಳವರು ಮೇಲಿನ ಮಹಡಿಯನ್ನು ಹತ್ತು ಗೂಡುಗಳಾಗಿ ಕತ್ತರಿಸಿ ಹೋಟೆಲು ಎಂದು ಬೋರ್ಡು ಹಾಕಿದರು. ಆ ಕೋಣೆಗಳಿಗೆ ನಿಜವಾದ ಪ್ರಯಾಣಿಕರು ಬರುವವರಲ್ಲ. ಬಾಡಿಗೆ ದುಡಿಯಬೇಕಲ್ಲ, ವೇಶ್ಯಾವಾಟಿಕೆಗೆ ಕೊಟ್ಟು ದುಡಿಸಿದರು. ಸುಧಾರಣೆಯ ಕಾನೂನೇ ನಗರದ ತುಂಬ ಹೊಸ ಅಡ್ಡೆಗಳನ್ನು ಕಟ್ಟಿಸಿತು. ಇದರ ವಿರುದ್ಧ ನಾಗರಿಕರ ಸಮಿತಿಗಳು ಹುಟ್ಟಿದವು. 1905ರಲ್ಲಿ ಆರಂಭವಾದ ಹದಿನಾಲ್ವರ ಸಮಿತಿ ಜಾಣತನದ ದಾರಿ ಹಿಡಿಯಿತು. ಹೆಂಗಸರನ್ನು ಅಟ್ಟಿಸಿಕೊಂಡು ಹೋಗುವ ಬದಲು, ಆ ಹೋಟೆಲುಗಳಿಗೆ ಬಿಯರು ಸರಬರಾಜು ಮಾಡುವ ಕಂಪನಿಗಳ ಬಳಿಗೂ, ಅವುಗಳ ಲೈಸೆನ್ಸಿಗೆ ಜಾಮೀನು ನಿಲ್ಲುವ ಸಂಸ್ಥೆಗಳ ಬಳಿಗೂ, ಕಟ್ಟಡಗಳ ಒಡೆಯರ ಬಳಿಗೂ ಹೋಯಿತು. ಹಣದ ಹಾದಿಯಲ್ಲಿ ನಿಂತು ಕೇಳಿತು. ಅದಕ್ಕೂ ಮುಂಚೆ 1901ರ ಟೆನಮೆಂಟ್ ಹೌಸ್ ಕಾಯ್ದೆ ಬಾಡಿಗೆ ವಠಾರಗಳಿಗೆ ಗಾಳಿ, ಬೆಳಕು, ಶೌಚಾಲಯ ಕಡ್ಡಾಯ ಮಾಡಿದ್ದಲ್ಲದೆ, ಒಡೆಯನ ಒಪ್ಪಿಗೆಯಿಂದ ಇಂಥ ದಂಧೆ ನಡೆದರೆ ಸಾವಿರ ಡಾಲರ್ ದಂಡವನ್ನು ಕಟ್ಟಡದ ಮೇಲೆಯೇ ಋಣಭಾರವಾಗಿ ಹೊರಿಸಿತು. 1909ರಲ್ಲಿ ಅಯೋವಾ ರಾಜ್ಯ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಯಾವ ನಾಗರಿಕ ಬೇಕಾದರೂ ನ್ಯಾಯಾಲಯಕ್ಕೆ ಹೋಗಿ ಅಂಥ ಕಟ್ಟಡವನ್ನು ಒಂದು ವರ್ಷ ಮುಚ್ಚಿಸಬಹುದು ಎಂದಿತು. ಒಡೆಯನ ಪಾಲಿಗೆ ಒಂದು ವರ್ಷದ ಬಾಡಿಗೆ ಇಲ್ಲದಂತಾಗುವುದು ಎಂದರೆ ಎಲ್ಲ ಉಪದೇಶಕ್ಕಿಂತ ದೊಡ್ಡ ಮಾತು.

ಇಂಗ್ಲೆಂಡಿನಲ್ಲಿ ಆಕ್ಟೇವಿಯಾ ಹಿಲ್ ಎಂಬ ಮಹಿಳೆಯ ಪ್ರಯೋಗ ನನ್ನ ಮನಸ್ಸಿಗೆ ಹತ್ತಿರವಾದದ್ದು. 1865ರಲ್ಲಿ ಲೇಖಕ ಜಾನ್ ರಸ್ಕಿನ್ ಕೊಟ್ಟ ಹಣದಿಂದ ಲಂಡನ್ನಿನ ಮೇರಿಲಿಬೋನ್‌ನಲ್ಲಿ ಮೂರು ಹಳೆಯ ಮನೆಗಳನ್ನು ಆಕೆ ಗುತ್ತಿಗೆಗೆ ಪಡೆದರು. ಆ ಜಾಗದ ಹೆಸರು ಪ್ಯಾರಡೈಸ್ ಪ್ಲೇಸ್. ಇದ್ದದ್ದು ಕೊಳಕು, ಕುಡಿತ, ಹೊಡೆದಾಟ. ಹಾಕಿದ ಬಂಡವಾಳಕ್ಕೆ ನೂರಕ್ಕೆ ಐದು ಬಂದರೆ ಸಾಕು, ಮಿಕ್ಕದ್ದು ಮನೆಗಳ ದುರಸ್ತಿಗೆ ಎಂಬ ನಿಯಮ ಮಾಡಿಕೊಂಡರು. ಬಾಡಿಗೆಯನ್ನು ವಾರಕ್ಕೊಮ್ಮೆ ತಾವೇ, ಆಮೇಲೆ ತಾವು ತರಬೇತು ಕೊಟ್ಟ ಹೆಂಗಸರು, ಬಾಗಿಲಿಗೆ ಹೋಗಿ ವಸೂಲು ಮಾಡುತ್ತಿದ್ದರು. ಹೋದಾಗ ಒಡೆದ ಕಿಟಕಿ ನೋಡುತ್ತಿದ್ದರು, ಮಗುವಿನ ಜ್ವರ ಕೇಳುತ್ತಿದ್ದರು, ಕೆಲಸ ತಪ್ಪಿದವನಿಗೆ ಮನೆಯ ದುರಸ್ತಿಯ ಕೂಲಿ ಕೊಡುತ್ತಿದ್ದರು. 1884ರಲ್ಲಿ ಆಂಗ್ಲ ಚರ್ಚಿನ ಆಸ್ತಿ ನೋಡಿಕೊಳ್ಳುವ ಆಯುಕ್ತರು ಸೌತ್‌ವರ್ಕ್‌ನ ತಮ್ಮ ಮನೆಗಳ ಆಡಳಿತವನ್ನೂ ಆಕೆಗೆ ವಹಿಸಿದರು. ಧರ್ಮಸಂಸ್ಥೆಯೇ ಒಡೆಯನಾಗಿದ್ದ ಬೀದಿಗಳಲ್ಲಿ ಜನ ಕೊಳೆಯುತ್ತಿದ್ದರು. ಮಧ್ಯದಲ್ಲಿ ಗುತ್ತಿಗೆದಾರರು, ಅವರ ಕೆಳಗೆ ಒಳಗುತ್ತಿಗೆದಾರರು ಇದ್ದದ್ದರಿಂದ ಚರ್ಚಿನವರಿಗೆ ತಮ್ಮ ಮನೆಯೊಳಗಿನದು ಕಾಣುತ್ತಿರಲಿಲ್ಲ.

ಹಿಲ್ ಅವರ ಮೇಲೆ ಟೀಕೆಗಳಿವೆ, ಅವು ಸುಳ್ಳೂ ಅಲ್ಲ. ಬಡವರ ನಡತೆಯನ್ನು ತಿದ್ದುವ ಅಧಿಕಾರ ತಮಗಿದೆ ಎಂದು ಆಕೆ ನಂಬಿದ್ದರು. ಬಾಡಿಗೆ ತಡವಾದರೆ ಕನಿಕರವಿಲ್ಲದೆ ಹೊರಗೆ ಕಳಿಸುತ್ತಿದ್ದರು. ಆದರೂ ಅವರಿಂದ ನಾನು ಎತ್ತಿಕೊಳ್ಳುವುದು ಎರಡನ್ನು: ಮಿತವಾದ ಬಾಡಿಗೆ, ಒಡೆಯನ ನಿಯಮಿತ ಭೇಟಿ. ಬೀದಿಯ ದರಕ್ಕೆ ತೃಪ್ತನಾದ ಮಾಲೀಕನ ಮನೆಯಲ್ಲಿ ದಂಧೆ ಬೇರೂರುವುದು ಕಡಿಮೆ, ಏಕೆಂದರೆ ದಂಧೆಯವನು ಬಾಡಿಗೆಯ ಜೊತೆಗೆ ಮಾಲೀಕನ ಮೌನವನ್ನೂ ಕೊಂಡುಕೊಳ್ಳುತ್ತಿರುತ್ತಾನೆ. ದರಕ್ಕಿಂತ ಮೇಲಿನ ಮೊತ್ತ ಅದರ ಬೆಲೆ.

ನಮ್ಮಲ್ಲಿ ಹಳೆಯ ವಠಾರಗಳಲ್ಲಿ ಮಾಲೀಕ ಮುಂದಿನ ಮನೆಯಲ್ಲೇ ಇರುತ್ತಿದ್ದ. ಒಂದೇ ನಲ್ಲಿ, ಒಂದೇ ಅಂಗಳ. ಬಾಡಿಗೆಯನ್ನು ಕೈಗೆ ಕೊಟ್ಟು ರಸೀತಿ ಪಡೆಯುವಾಗ ಎರಡು ಮಾತಾಗುತ್ತಿತ್ತು. ಆ ಕಾಲವನ್ನು ನಾನು ಹೊಗಳುವುದಿಲ್ಲ. ಅಲ್ಲಿ ಜಾತಿ ನೋಡಿಯೇ ಮನೆ ಕೊಡುತ್ತಿದ್ದರು, ಹೆಣ್ಣುಮಕ್ಕಳು ಉಸಿರಾಡಲೂ ಕಾವಲಿತ್ತು. ಆದರೆ ಇಂದಿನ ವ್ಯವಸ್ಥೆ ಇನ್ನೊಂದು ತುದಿಗೆ ಹೋಗಿದೆ. ಮಾಲೀಕ ಮೈಸೂರಿನಲ್ಲೋ ನ್ಯೂಜೆರ್ಸಿಯಲ್ಲೋ ಇದ್ದಾನೆ. ಮನೆಯನ್ನು ಪೂರ್ತಿ ಲೀಸಿಗೆ ಪಡೆದವನು ಪಿ.ಜಿ. ಮಾಡುತ್ತಾನೆ, ಅದನ್ನು ಇನ್ನೊಬ್ಬ ನಡೆಸುತ್ತಾನೆ, ಬಾಡಿಗೆ ತಿಂಗಳ ಐದನೇ ತಾರೀಕು ಫೋನಿನಲ್ಲಿ ಟಿಣ್ ಎನ್ನುತ್ತದೆ. ಪಿ.ಜಿ.ಗಳಲ್ಲಿ ಒಬ್ಬರಿಗೆ ಕನಿಷ್ಠ 70 ಚದರಡಿ ಜಾಗ, ಸಿ.ಸಿ. ಕ್ಯಾಮೆರಾ, ಕಾವಲುಗಾರ ಇರಬೇಕೆಂದು ಬಿಬಿಎಂಪಿ 2024ರಲ್ಲಿ ನಿಯಮ ತಂದಿತು. ಬೇಕಾದದ್ದೇ. ಆದರೆ ಕ್ಯಾಮೆರಾ ಬಾಗಿಲ ಹೊರಗಿನದನ್ನು ನೋಡುತ್ತದೆ. ಚಿಲಕ ಯಾವ ಕಡೆ ಇದೆ ಎಂದು ಒಬ್ಬ ಮನುಷ್ಯ ಹೋಗಿಯೇ ನೋಡಬೇಕು. ಪೊಲೀಸ್ ಠಾಣೆಗೆ ಬಾಡಿಗೆದಾರರ ವಿವರ ಕೊಟ್ಟರೆ ಕೆಲಸ ಮುಗಿಯಿತು ಎಂದುಕೊಳ್ಳುವವರಿಗೂ ಇದೇ ಹೇಳುತ್ತೇನೆ. ಆಧಾರ್ ಪ್ರತಿ ಕೊಡುವುದು ತಲೆಹಿಡುಕನಿಗೆ ಕಷ್ಟದ ಕೆಲಸವಲ್ಲ. ಕಾಗದಪತ್ರ ಇಲ್ಲದೆ ಒದ್ದಾಡುವುದು ಉತ್ತರ ಕರ್ನಾಟಕದಿಂದ ಗುಳೆ ಬಂದ ಗಾರೆ ಕೆಲಸದ ಕುಟುಂಬ.

ಮಾಲೀಕನನ್ನು ಹೊಣೆ ಮಾಡುವುದರಲ್ಲಿ ದೊಡ್ಡ ಅಪಾಯವೂ ಇದೆ. ಅಮೆರಿಕದ ಅನೇಕ ಊರುಗಳು, ಒಂದು ಮನೆಗೆ ಪದೇ ಪದೇ ಪೊಲೀಸರು ಬರಬೇಕಾದರೆ ಮಾಲೀಕನಿಗೆ ದಂಡ ಅಥವಾ ಲೈಸೆನ್ಸ್ ರದ್ದು ಎಂಬ ಸ್ಥಳೀಯ ಕಾನೂನು ಮಾಡಿಕೊಂಡವು. ಪೆನ್ಸಿಲ್ವೇನಿಯಾದ ನಾರಿಸ್ಟೌನ್‌ನಲ್ಲಿ ಒಬ್ಬ ಹೆಣ್ಣುಮಗಳು ತನ್ನ ಹಳೆಯ ಗೆಳೆಯನಿಂದ ಏಟು ತಿನ್ನುತ್ತಿದ್ದಳು. ಪೊಲೀಸರನ್ನು ಇನ್ನೊಮ್ಮೆ ಕರೆದರೆ ಮನೆ ಬಿಡಬೇಕಾಗುತ್ತದೆ ಎಂಬ ಹೆದರಿಕೆಯಲ್ಲಿ ಕರೆಯಲೇ ಹಿಂಜರಿಯುತ್ತಿದ್ದಳು. 2012ರಲ್ಲಿ ಅವನು ಒಡೆದ ಗಾಜಿನಿಂದ ಅವಳ ಕುತ್ತಿಗೆಗೆ ಇರಿದ. ಹೆಲಿಕಾಪ್ಟರಿನಲ್ಲಿ ಆಸ್ಪತ್ರೆಗೆ ಒಯ್ದರು. ಅದಾದ ಮೇಲೂ ಊರಿನ ಆಡಳಿತ ಅವಳನ್ನು ಮನೆಯಿಂದ ಬಿಡಿಸುವಂತೆ ಮಾಲೀಕನನ್ನು ಒತ್ತಾಯಿಸಿತು. ಅವಳು ನ್ಯಾಯಾಲಯಕ್ಕೆ ಹೋದ ಮೇಲೆ, 2014ರಲ್ಲಿ ಊರು ರಾಜಿ ಮಾಡಿಕೊಂಡು ಪರಿಹಾರ ಕೊಟ್ಟಿತು. ಮಿಲ್ವಾಕಿ ನಗರದಲ್ಲಿ ಸಮಾಜಶಾಸ್ತ್ರಜ್ಞ ಮ್ಯಾಥ್ಯೂ ಡೆಸ್ಮಂಡ್ ಮತ್ತು ಅವರ ಸಹೋದ್ಯೋಗಿ ಮಾಡಿದ ಅಧ್ಯಯನ 2013ರಲ್ಲಿ ಪ್ರಕಟವಾಯಿತು. ಆ ಬಗೆಯ ಕಾನೂನಿನಡಿ ಮಾಲೀಕರಿಗೆ ಹೋದ ನೋಟಿಸುಗಳಲ್ಲಿ ಹೆಚ್ಚುಕಡಿಮೆ ಮೂರರಲ್ಲೊಂದು ಕೌಟುಂಬಿಕ ಹಿಂಸೆಯ ಕರೆಗಳಿಂದ ಹುಟ್ಟಿದ್ದವು. ನೋಟಿಸು ಬಂದ ಮಾಲೀಕರಲ್ಲಿ ಹೆಚ್ಚಿನವರು ಮಾಡಿದ್ದು, ಆ ಹೆಂಗಸರನ್ನು ಬಿಡಿಸುವುದು ಇಲ್ಲವೇ ಪೊಲೀಸರನ್ನು ಕರೆಯಬೇಡ ಎಂದು ಗದರಿಸುವುದು.

ಕಟ್ಟಡವನ್ನೇ ಗುರಿ ಮಾಡಿದರೂ ಏಟು ಹೆಂಗಸರಿಗೇ ಬೀಳುತ್ತದೆ ಎಂಬುದಕ್ಕೆ ನಮ್ಮ ಹತ್ತಿರದ ಉದಾಹರಣೆ ಗೋವಾದ ವಾಸ್ಕೋ ಪಕ್ಕದ ಬೈನಾ ಕಡಲತೀರ. ಅಲ್ಲಿದ್ದ ಲೈಂಗಿಕ ಕಾರ್ಯಕರ್ತೆಯರಲ್ಲಿ ಕರ್ನಾಟಕದ, ಆಂಧ್ರದ ಹೆಣ್ಣುಮಕ್ಕಳು ಬಹಳ. 2004ರ ಜೂನ್‌ನಲ್ಲಿ, ಮಳೆಗಾಲ ಶುರುವಾದ ಹೊತ್ತಿನಲ್ಲಿ, ಸರ್ಕಾರ ಅವರ ಗೂಡುಗಳನ್ನು ನೆಲಸಮ ಮಾಡಿತು. ಊರು ಶುದ್ಧವಾಯಿತು ಎಂದರು ಕೆಲವರು. ಆ ಹೆಂಗಸರು ಎಲ್ಲಿಗೆ ಹೋದರು? ಚದುರಿದರು. ಆರೋಗ್ಯ ಕಾರ್ಯಕರ್ತರ ಕಣ್ಣಿಗೂ ಬೀಳದ ಕಡೆಗಳಲ್ಲಿ, ಹೊಸ ದಲ್ಲಾಳಿಗಳ ಕೈಕೆಳಗೆ ಮತ್ತೆ ಅದೇ ಬದುಕು. ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕಡೆಯಿಂದ ದೇವದಾಸಿಯರನ್ನು ಮುಂಬಯಿಯ ಕಾಮಾಠಿಪುರಕ್ಕೂ ಪುಣೆ, ಸಾಂಗ್ಲಿಗಳಿಗೂ ಸಾಗಿಸಿದ ಇತಿಹಾಸ ನಮ್ಮ ನಾಡಿನದು. ದೇವದಾಸಿಯರ ಸಮರ್ಪಣೆಯನ್ನು ನಿಷೇಧಿಸಿದ ಕಾಯ್ದೆ 1982ರದ್ದು. ಕಾಮಾಠಿಪುರದಂಥ ಬೀದಿಗಳಲ್ಲಿ ಕನ್ನಡ ಕೇಳಿಸುತ್ತದೆ ಎಂಬುದು ನಮ್ಮನ್ನು ಚುಚ್ಚಬೇಕು. ಅಲ್ಲಿ ಗೂಡಿನ ಬಾಡಿಗೆಯನ್ನು ದಿನಲೆಕ್ಕದಲ್ಲಿ ಕಟ್ಟಿದವರು ಅವರು. ಸಾಲ ತೀರಲಿಲ್ಲ, ಮನೆ ಅವರದಾಗಲಿಲ್ಲ. ಹನ್ನೆರಡನೇ ಶತಮಾನದಲ್ಲೇ ಸೂಳೆ ಸಂಕವ್ವೆಯನ್ನು ವಚನಕಾರ್ತಿಯರ ಸಾಲಿನಲ್ಲಿ ಕೂರಿಸಿದ ನಾಡು ಇದು ಎಂಬುದನ್ನೂ ಇಲ್ಲಿ ನೆನೆಯುತ್ತೇನೆ.

ಇಲ್ಲಿ ಕಾನೂನಿನ ಒಂದು ತೊಡಕನ್ನು ಹೇಳಲೇಬೇಕು. ಈ ವೃತ್ತಿಯಲ್ಲಿರುವ ಇಬ್ಬರು ಹೆಂಗಸರು ಪರಸ್ಪರ ರಕ್ಷಣೆಗೆಂದು ಒಂದೇ ಮನೆಯಲ್ಲಿದ್ದು, ಇಬ್ಬರೂ ಅಲ್ಲೇ ಗಳಿಸಿದರೆ, ಕಾಯ್ದೆಯ ವ್ಯಾಖ್ಯೆಯಂತೆ ಆ ಮನೆಯೂ ವೇಶ್ಯಾಗೃಹವೇ. ಇದರಿಂದ ಹೆದರಿದ ಮಾಲೀಕ ಅಂಥವರಿಗೆ ನೇರವಾಗಿ ಮನೆ ಕೊಡುವುದಿಲ್ಲ. ವೃತ್ತಿಯನ್ನು ಬಿಟ್ಟವಳಿಗೂ ಕೊಡುವುದಿಲ್ಲ. ಅವಳು ಮಧ್ಯವರ್ತಿಯ ಹೆಸರಿನಲ್ಲಿ ಮನೆ ಹಿಡಿಯುತ್ತಾಳೆ, ಎರಡು ಪಟ್ಟು ಕಟ್ಟುತ್ತಾಳೆ, ಅವನ ಹಿಡಿತಕ್ಕೆ ಸಿಗುತ್ತಾಳೆ. ನಮ್ಮ ಮಡಿವಂತಿಕೆಯೇ ತಲೆಹಿಡುಕನಿಗೆ ಗಿರಾಕಿಯನ್ನು ಒದಗಿಸುತ್ತದೆ. 2022ರ ಮೇ 19ರಂದು ಸುಪ್ರೀಂ ಕೋರ್ಟ್, ಬುದ್ಧದೇವ್ ಕರ್ಮಾಸ್ಕರ್ ಪ್ರಕರಣದಲ್ಲಿ, ದಾಳಿಯ ವೇಳೆ ಸ್ವಇಚ್ಛೆಯಿಂದ ಈ ವೃತ್ತಿಯಲ್ಲಿರುವ ವಯಸ್ಕ ಮಹಿಳೆಯರನ್ನು ಬಂಧಿಸಬಾರದು, ದಂಡಿಸಬಾರದು, ಕಿರುಕುಳ ಕೊಡಬಾರದು, ವೇಶ್ಯಾಗೃಹ ನಡೆಸುವುದು ಮಾತ್ರ ಕಾನೂನುಬಾಹಿರ ಎಂಬ ಸಮಿತಿಯೊಂದರ ಶಿಫಾರಸನ್ನು ಉಲ್ಲೇಖಿಸಿತು. ಘನತೆಯಿಂದ ಬದುಕುವ ಹಕ್ಕು ಅವರಿಗೂ ಇದೆ ಎಂದಿತು. ಮನೆ ಮಾಲೀಕರು ಕಣ್ಣಿಡಬೇಕಾದದ್ದು ಯಾರೋ ಹೇಗೆ ಬದುಕುತ್ತಾರೆ ಎಂಬುದರ ಮೇಲಲ್ಲ. ಅಲ್ಲಿ ಯಾರನ್ನಾದರೂ ಕೂಡಿಹಾಕಲಾಗಿದೆಯೇ, ಮಕ್ಕಳಿದ್ದಾರೆಯೇ, ಒಬ್ಬರ ದೇಹದಿಂದ ಇನ್ನೊಬ್ಬರು ಉಣ್ಣುತ್ತಿದ್ದಾರೆಯೇ ಎಂಬುದರ ಮೇಲೆ.

ಹಾಗಾದರೆ ಒಬ್ಬ ಸಾಮಾನ್ಯ ಮಾಲೀಕ ಏನು ಮಾಡಬೇಕು? ಬೀದಿಯ ದರಕ್ಕಿಂತ ಬಹಳ ಹೆಚ್ಚು ಕೊಡುತ್ತೇನೆ ಎನ್ನುವವನಿಗೆ ಕಾರಣ ಕೇಳಬೇಕು. ಕರಾರಿನಲ್ಲಿ ಹೆಸರಿರುವವನೇ ವಾಸ ಮಾಡುವವನೋ ಎಂದು ನೋಡಬೇಕು; ಒಳಬಾಡಿಗೆ ಕೊಟ್ಟಿದ್ದರೆ ಕೊನೆಯ ವಾಸಿಯ ತನಕ ಗೊತ್ತುಮಾಡಿಕೊಳ್ಳಬೇಕು. ಮೊದಲೇ ತಿಳಿಸಿ, ಹಗಲು ಹೊತ್ತು, ಮೂರು ತಿಂಗಳಿಗೊಮ್ಮೆಯಾದರೂ ಮನೆಗೆ ಹೋಗಿ ಬರಬೇಕು. ಗೋಡೆ ಸೋರುತ್ತಿದೆಯೇ ಎಂದು ಕೇಳಲು ಹೋದವನಿಗೆ ಉಳಿದದ್ದೂ ಕಾಣುತ್ತದೆ. ಅನುಮಾನ ಬಂದರೆ ತಾನೇ ಬಾಗಿಲು ಒಡೆಯುವುದು, ಅಕ್ಕಪಕ್ಕದವರನ್ನು ಗುಂಪು ಕಟ್ಟಿಕೊಂಡು ಹೋಗುವುದು, ಕರೆಂಟು ತೆಗೆಸುವುದು, ಇವು ಖಂಡಿತ ಕೂಡದು. 112ಕ್ಕೆ, ಮಕ್ಕಳಿದ್ದರೆ 1098ಕ್ಕೆ ತಿಳಿಸಬೇಕು. ತಿಳಿಸಿದ್ದನ್ನು ಬರಹದಲ್ಲಿ ಇಟ್ಟುಕೊಂಡರೆ ಅವನಿಗೂ ರಕ್ಷಣೆ. ಸಹಾಯಕ್ಕೆ ಪೊಲೀಸರನ್ನು ಕರೆದ ಬಾಡಿಗೆದಾರಳನ್ನು ಅದೇ ಕಾರಣಕ್ಕೆ ಬಿಡಿಸಬಾರದೆಂಬ ಮಾತು ನಮ್ಮ ಕಾನೂನಿಗೂ ಬರಬೇಕು.

ನಗರಗಳಲ್ಲಿ ಮಠಗಳು, ದೇವಸ್ಥಾನಗಳು, ಜಾತಿ ಸಂಘಗಳು, ಶಿಕ್ಷಣ ಟ್ರಸ್ಟುಗಳು ದೊಡ್ಡ ಮಾಲೀಕರು. ಅವರ ಅಂಗಡಿಸಾಲು, ವಾಣಿಜ್ಯ ಸಂಕೀರ್ಣ, ಹಳೆಯ ಮನೆಗಳು ಒಳಗುತ್ತಿಗೆಯಲ್ಲಿ ಎಷ್ಟು ಕೈ ದಾಟಿವೆ ಎಂಬುದು ಅನೇಕ ಆಡಳಿತ ಮಂಡಳಿಗಳಿಗೇ ತಿಳಿದಿಲ್ಲ. ಅವರ ವಾರ್ಷಿಕ ಸಭೆಗಳಲ್ಲಿ ಬಾಡಿಗೆ ಎಷ್ಟು ಬಂತು ಎಂಬ ಲೆಕ್ಕ ಓದುತ್ತಾರೆ. ಯಾರಿಂದ, ಯಾವ ಬಳಕೆಯಿಂದ ಬಂತು ಎಂಬುದನ್ನೂ ಓದಲಿ. ವಿದ್ಯಾರ್ಥಿವೇತನ, ಅನ್ನದಾಸೋಹ, ನಾವು ಇಲ್ಲಿ ಸೇರಿರುವಂಥ ದತ್ತಿಗಳು, ಎಷ್ಟೋ ಒಳ್ಳೆಯ ಕೆಲಸಗಳು ಬಾಡಿಗೆಯ ಹಣದಿಂದಲೇ ನಡೆಯುತ್ತವೆ. ಆ ಹಣ ಶುದ್ಧವಾಗಿರಲಿ ಎಂದು ದಾನಿಗಳು ಬಯಸುತ್ತಾರೆ ಎಂಬುದರಲ್ಲಿ ನನಗೆ ಸಂದೇಹವಿಲ್ಲ.

ಕೊನೆಯದಾಗಿ ಕರಾರಿನ ವಿಷಯ. ಒಂದು ವರ್ಷ ಮೀರಿದ ಕರಾರನ್ನು 1908ರ ಕಾಯ್ದೆಯಂತೆ ನೋಂದಣಿ ಮಾಡಿಸಬೇಕಾಗುತ್ತದೆ ಎಂಬ ಕಾರಣಕ್ಕೆ ನಾವೆಲ್ಲ ಹನ್ನೊಂದು ತಿಂಗಳಿಗೆ ಬರೆಸುತ್ತೇವೆ. ಛಾಪಾ ಕಾಗದದ ಅಂಗಡಿಯಲ್ಲಿ ಹೆಸರು, ಮೊತ್ತ ಬದಲಿಸಿ ಅಚ್ಚು ಹೊಡೆದು ಕೊಡುತ್ತಾರೆ. ಅದರಲ್ಲಿ ಮನೆಯನ್ನು ಕಾನೂನುಬಾಹಿರ ಹಾಗೂ ಅನೈತಿಕ ಚಟುವಟಿಕೆಗಳಿಗೆ ಬಳಸತಕ್ಕದ್ದಲ್ಲ ಎಂಬ ಷರತ್ತು ಇದ್ದೇ ಇರುತ್ತದೆ. ಅದು ಬಾಡಿಗೆದಾರನ ಮೇಲಿನ ಷರತ್ತು. ಮಾಲೀಕನ ಮೇಲೂ ಒಂದು ಇರಲಿ ಎಂದು ನನ್ನ ಸಲಹೆ: ಮನೆಯಲ್ಲಿ ಯಾರನ್ನಾದರೂ ಬಲವಂತದಿಂದ ಇಟ್ಟುಕೊಂಡದ್ದು ನ್ಯಾಯಾಲಯದಲ್ಲಿ ಸಾಬೀತಾದರೆ, ಆ ಅವಧಿಯಲ್ಲಿ ಪಡೆದ ಬಾಡಿಗೆಯನ್ನೂ ಉಳಿದ ಮುಂಗಡವನ್ನೂ ಬಿಡುಗಡೆಯಾದವರ ಪುನರ್ವಸತಿಗೆ ಒಪ್ಪಿಸುತ್ತೇನೆ ಎಂದು ಮಾಲೀಕ ಬರೆದುಕೊಡಲಿ. ಎರಡು ಸಾವಿರದ ದಂಡದ ಜಾಗಕ್ಕೆ ಕಾನೂನೇ ಇದನ್ನು ತರುವುದು ಲೇಸು. ತರುವ ತನಕ ಕಾಯಬೇಕಾಗಿಲ್ಲ. ಆ ಸಾಲುಗಳ ಕರಡನ್ನು ನಾನು ಬರೆದು ತಂದಿದ್ದೇನೆ, ಪ್ರತಿಗಳು ಹೊರಗಿನ ಮೇಜಿನ ಮೇಲಿವೆ. ಇಲ್ಲಿರುವ ಮಾಲೀಕರು ಮುಂದಿನ ಹನ್ನೊಂದು ತಿಂಗಳ ಕರಾರಿಗೆ ಅದನ್ನು ಸೇರಿಸಿಕೊಳ್ಳಬೇಕೆಂದು ಕೇಳಿಕೊಳ್ಳುತ್ತೇನೆ. ತಿದ್ದುಪಡಿ ಸೂಚಿಸುವ ವಕೀಲ ಮಿತ್ರರಿದ್ದರೆ ಈಗಲೇ ಮಾತಾಡೋಣ.